ಎರಡು ನೀರಿನ ಗೆರೆ

ಒಂದೇ ಒಂದು ಮೋಡವಾದರೂ ಬರಬಾರದೇ ಎಂದು ಇಸಿದೋರ್ ಬೆಳಗಿನಿಂದ ಬಾಲ್ಕನಿಗೂ ಅಡಿಗೆಮನೆಗೂ ಓಡಾಡಿದ್ದೇ ಓಡಾಡಿದ್ದು. ಮಂಗಳೂರಿನ ಕೊಟ್ಟಾರದ ಮೇಲಿನ ಆಕಾಶ ತೊಳೆದು ಕವುಚಿಟ್ಟ ಬೋಗುಣಿಯಂತೆ ಹೊಳೆಯುತ್ತಿತ್ತು. ಮಳೆಗಾಲ ಮುಗಿಯಿತೆಂದು ನಂಬಿ ಹೊರಗೆ ಹಾಕಿದ ಬಟ್ಟೆಯನ್ನೆಲ್ಲ ಕಳೆದ ವಾರ ಸಾಯಂಕಾಲದ ಮೋಡಗಳು ತೋಯಿಸಿ ಹೋಗಿದ್ದವು; ಇವತ್ತು ಬೇಕೆಂದಾಗ ಒಂದಾದರೂ ಉಂಟೇ? ಮೋಡ ಬಂದರೆ ಉಪಗ್ರಹದ ಕಣ್ಣಿಗೆ ಸಮುದ್ರ ಕಾಣುವುದಿಲ್ಲ. ಕಾಣದಿದ್ದರೆ ಇವನು ದೋಣಿ ಹತ್ತಬೇಕಾಗಿಲ್ಲ. ಇವನು ದೋಣಿ ಹತ್ತದಿದ್ದರೆ... ಅಲ್ಲಿಗೆ ಬಂದಾಗ ಯೋಚನೆಯನ್ನು ತಡೆದು ಚಹಾದ ಪಾತ್ರೆಯನ್ನು ಒಲೆಗಿಟ್ಟ. ಆದರೂ ಅದು ತಾನಾಗಿಯೇ ಪೂರ್ತಿಯಾಯಿತು: ವೆರೋನಿಕಾಳ ದೊಡ್ಡ ದಿನ ಹಾಳಾಗುತ್ತದೆ. ಹೆಂಡತಿಗೆ ಇಂಥದ್ದನ್ನು ಬಯಸುವ ಗಂಡಸು ತಾನೇ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಚಹಾದ ಲೋಟ ಹಿಡಿದುಕೊಂಡು ಮತ್ತೆ ಬಾಲ್ಕನಿಗೆ ಹೋಗಿ ಪಡುವಣ ದಿಕ್ಕನ್ನು ನೋಡಿದ.

ವೆರೋನಿಕಾ ಕೆಲವು ವಾರಗಳಿಂದ ಅಹಮದಾಬಾದಿನಲ್ಲಿದ್ದಾಳೆ. ಹೊಸ ಉಪಗ್ರಹದಲ್ಲಿ ಸಮುದ್ರದ ಬಣ್ಣ ಓದುವ ಉಪಕರಣ ಒಂದುಂಟು. ಕರಾವಳಿಯ ಕಲಕು ನೀರಿನಲ್ಲಿ ನದಿ ತಂದ ಮಣ್ಣು ಎಷ್ಟು, ಮೀನಿಗೆ ಮೇವಾಗುವ ಹಸಿರು ಸೂಕ್ಷ್ಮಜೀವಿ ಎಷ್ಟು ಎಂದು ಬೇರ್ಪಡಿಸಿ ಹೇಳುವ ಲೆಕ್ಕಾಚಾರ ಅವಳದು, ಅರ್ಧ ಆಯುಸ್ಸಿನ ದುಡಿಮೆ. ಆ ಉಪಕರಣ ಇವತ್ತು ಮಧ್ಯಾಹ್ನ ಮೊದಲ ಸಲ ಕಣ್ಣು ತೆರೆದು ಪಶ್ಚಿಮ ಕರಾವಳಿಯನ್ನು ನೋಡುತ್ತದೆ. ನೋಡಿದ್ದು ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಅದೇ ಹೊತ್ತಿಗೆ ಕೆಳಗೆ ಸಮುದ್ರದಲ್ಲಿ ಯಾರಾದರೂ ಇದ್ದು ನೀರು ತೆಗೆದು ಅಳೆಯಬೇಕು. ಮೇಲಿನ ಕಣ್ಣಿಗೆ ಕೆಳಗಿನ ನೀರು ಸಾಕ್ಷಿ. ಕೊಚ್ಚಿಯಲ್ಲಿ, ಗೋವಾದಲ್ಲಿ, ಕಾರವಾರದಲ್ಲಿ ಬೇರೆ ಬೇರೆಯವರು ದೋಣಿ ಹತ್ತುತ್ತಾರೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಉಳ್ಳಾಲದ ಆಚೆಯ ನೀರು, ಯಾಕೆಂದರೆ ವೆರೋನಿಕಾ ತನ್ನ ಲೆಕ್ಕಾಚಾರವನ್ನು ಕಟ್ಟಿದ್ದೇ ಆ ನೀರಿನ ಮೇಲೆ. ಅಲ್ಲಿ ತಾಳೆಯಾದರೆ ಅದು ಉಪಗ್ರಹದಲ್ಲಿ ಕಾಯಂ. ಅಲ್ಲೇ ತಪ್ಪಿದರೆ ಸಮಿತಿಯವರು ಅವಳದನ್ನು ಬದಿಗಿಟ್ಟು ಇನ್ನೊಂದು ತಂಡದ್ದನ್ನು ತೆಗೆದುಕೊಳ್ಳುತ್ತಾರೆ. ಹೋಗಬೇಕಾಗಿದ್ದ ಸಂಶೋಧನಾ ವಿದ್ಯಾರ್ಥಿನಿ ನಜ್ಲಾ ಜ್ವರ ಬಂದು ಮಲಗಿದ್ದರಿಂದ ನಿನ್ನೆ ವೆರೋನಿಕಾ ಫೋನ್ ಮಾಡಿದ್ದಳು.

“ಇಸಿ, ನಾಳೆ ನೀನೇ ಹೋಗ್ಬೇಕು ಮಾರಾಯ. ನಿನ್ನನ್ನು ಬಿಟ್ರೆ ಆ ಜಾಗ ಸರಿಯಾಗಿ ಯಾರಿಗೆ ಗೊತ್ತುಂಟು?”

“ನಿಮ್ಮ ಸೆಡ್ರಿಕ್‌ಗೆ ಗೊತ್ತಿಲ್ವಾ?”

“ಸೆಡ್ರಿಕ್ ಇಲ್ಲಿ ನನ್ನ ಎದುರು ಕೂತಿದ್ದಾನಲ್ಲ. ಎಂತ ನೀನು?”

“ಸುಮ್ನೆ ಕೇಳಿದೆ. ಹೋಗ್ತೇನೆ. ಅಲ್ಲಿ ಫೋನ್ ಹೇಗೂ ಸಿಗುದಿಲ್ಲ, ದಡಕ್ಕೆ ಬಂದು ನಂಬರ್ ಕಳಿಸ್ತೇನೆ.”

ನನ್ನ ಎದುರು ಕೂತಿದ್ದಾನೆ. ಆ ಮಾತನ್ನು ಇಸಿದೋರ್ ಆಮೇಲೆ ಎಷ್ಟು ಸಲ ಮಗುಚಿ ಹಾಕಿದನೋ. ಸೆಡ್ರಿಕ್ ಅವಳ ತಂಡದ ಮುಖ್ಯಸ್ಥ, ಮಂಗಳೂರಿನವನೇ, ಬಿಜೈಯವನು. ಅವಳು ವಾಟ್ಸಾಪಿನಲ್ಲಿ ಕಳಿಸಿದ ಪಟದಲ್ಲಿ ಹತ್ತು ಮಂದಿ ಸಾಲಾಗಿ ನಿಂತಿದ್ದರು, ಎಲ್ಲರ ಕೊರಳಲ್ಲೂ ಒಂದೇ ಬಣ್ಣದ ಗುರುತುಚೀಟಿ. ಅಷ್ಟು ಜನರಲ್ಲಿ ಇವನ ಬೆರಳು ಹೋಗಿ ದೊಡ್ಡದು ಮಾಡಿ ನೋಡಿದ್ದು ಒಂದೇ ಜಾಗವನ್ನು: ಸೆಡ್ರಿಕ್‌ನ ಕೈ ವೆರೋನಿಕಾಳ ಹೆಗಲ ಹಿಂದೆ ಇತ್ತೋ, ಹೆಗಲ ಮೇಲೆ ಇತ್ತೋ. ಎಷ್ಟು ದೊಡ್ಡದು ಮಾಡಿದರೂ ಪಟ ಚೌಕ ಚೌಕವಾಗಿ ಒಡೆಯಿತೇ ಹೊರತು ಕೈ ಎಲ್ಲಿತ್ತೆಂದು ತಿಳಿಯಲಿಲ್ಲ. ಸೆಡ್ರಿಕ್‌ನ ಮೇಲೆ ಸಿಟ್ಟೋ, ಅವಳ ಕೊರಳ ಗುರುತುಚೀಟಿಯ ಮೇಲೆ ಸಿಟ್ಟೋ ಎಂದು ಯಾರಾದರೂ ಹಿಡಿದು ಕೇಳಿದ್ದರೆ ಅವನಿಗೆ ಉತ್ತರ ಹೇಳಲಾಗುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ಸಹೋದ್ಯೋಗಿಗಳ ಬಗ್ಗೆ ಧಾರಾಳವಾಗಿ ಬಳಸುವವನು. ತನ್ನದಕ್ಕೆ ಬೇರೆ ಏನೋ ಹೆಸರಿರಬೇಕು ಎಂದು ನಂಬಿಕೊಂಡಿದ್ದ.

ಹಂಪನಕಟ್ಟೆಯಲ್ಲಿ ಬಸ್ಸಿಳಿದು ಐಸ್ ಪೆಟ್ಟಿಗೆಯನ್ನು ಹೆಗಲಿಗೇರಿಸಿ ದೋಣಿಗಳು ನಿಲ್ಲುವ ದಕ್ಕೆಯ ಕಡೆ ಹೊರಟವನನ್ನು ಪೌಲ್ ಗುರ್ಕಾರರು ಹಿಡಿದರು. ಇಗರ್ಜಿಯಲ್ಲಿ ಇವರ ವಾರ್ಡಿನ ಮುಖಂಡರು ಅವರು, ನೂರು ಮಾರು ದೂರದಿಂದಲೇ ಮಾತು ಶುರು ಮಾಡುವವರು. “ಓ, ವೆರೋನಿಕಾ ಬಾಯಿಯ ಯಜಮಾನ್ರು! ಎಂತ, ನಿಮ್ಮ ಸ್ಯಾಟಲೈಟಿಗೆ ಈಗ ನಾವಿಬ್ಬರು ಇಲ್ಲಿ ನಿಂತದ್ದು ಕಾಣ್ತದಾ?” ಕಾಣುವುದಿಲ್ಲ ಎಂದ ಇಸಿದೋರ್. “ಬಾಯಿ ಬಂದ ಕೂಡ್ಲೇ ಸನ್ಮಾನ ಇಟ್ಟಿದ್ದೇವೆ, ಹಾಲ್ ಬುಕ್ ಆಯ್ತು. ನೀವು ಸ್ಟೇಜಿನಲ್ಲಿ ಅವರ ಪಕ್ಕ ಕೂತ್ರೆ ಸಾಕು. ಮಾತಾಡ್ಲಿಕ್ಕೆಲ್ಲ ಇಲ್ಲ, ಹೆದರ್ಬೇಡಿ.” ಹೆದರಬೇಡಿ! ಇಪ್ಪತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದ ಬಾಯಿ ಇದು. ಇಸಿದೋರ್ ನಕ್ಕ. ಈಚೆಗೆ ಅವನು ಬಹಳ ನಗುತ್ತಿದ್ದ, ರಾತ್ರಿ ಮಲಗುವಾಗ ದವಡೆ ನೋಯುವಷ್ಟು.

ಕಳೆದ ಭಾನುವಾರ ಇದೇ ಗುರ್ಕಾರರು ಪೂಜೆಗೆ ಮುಂಚೆ ಅವನ ಕೈಗೆ ಚೀಟಿ ತುರುಕಿ, ಇವತ್ತು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಕೊನೆಯದನ್ನು ನೀವೇ ಓದಬೇಕು, ಚಂದ ಕಾಣ್ತದೆ ಎಂದಿದ್ದರು. ರೋಗಿಗಳಿಗಾಗಿ, ಸತ್ತವರಿಗಾಗಿ, ಗಲ್ಫಿನಲ್ಲಿ ದುಡಿಯುವವರಿಗಾಗಿ ಬೇರೆಯವರು ಬೇಡಿಕೊಂಡ ಮೇಲೆ ಅವನು ಮೈಕಿನ ಮುಂದೆ ನಿಂತು, ನಮ್ಮ ಇಗರ್ಜಿಯ ವೆರೋನಿಕಾ ದುಡಿದ ಉಪಗ್ರಹ ಸುಗಮವಾಗಿ ಕಣ್ಣು ತೆರೆಯಲಿ ಎಂದು ಓದಿದ. ಇಡೀ ಇಗರ್ಜಿ ‘ಸೊಮಿಯಾ, ಆಮ್ಚೆಂ ಮಾಗ್ಣೆಂ ಆಯ್ಕ್’, ಸ್ವಾಮಿ, ನಮ್ಮ ಬೇಡಿಕೆ ಕೇಳು ಎಂದಿತು. ಅಷ್ಟು ಜನ ಒಟ್ಟಿಗೆ ಬೇಡುತ್ತಿದ್ದಾಗ ಅವನೊಬ್ಬನ ಬಾಯಿ ಮಾತ್ರ ಸುಮ್ಮನಿತ್ತು. ಓದಿದವನು ತಾನು, ಬೇಡದವನೂ ತಾನೇ. ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಬಂದು ಅವನ ಕೈ ಕುಲುಕಿದರು. ಒಬ್ಬರು ಪೇಪರಿನಲ್ಲಿ ಬಂದ ಅವಳ ಸಂದರ್ಶನವನ್ನು ಕತ್ತರಿಸಿ ತಂದಿದ್ದರು, ನಿಮ್ಮಲ್ಲಿ ಇಲ್ಲದಿದ್ದರೆ ಇರಲಿ ಅಂತ. ಅವನಲ್ಲಿ ಇತ್ತು. ಬಾಯಿಪಾಠವೂ ಆಗಿತ್ತು. ‘ಒಂದು ದಿನ ಉಳ್ಳಾಲದ ದಂಡೆಯಲ್ಲಿ ನಿಂತು ಎರಡು ನೀರಿನ ಗೆರೆಯನ್ನು ನೋಡಿದೆ. ಅವತ್ತೇ ಈ ಯೋಚನೆ ಹುಟ್ಟಿತು.’ ನೋಡಿದೆನಂತೆ! ತೋರಿಸಿದವರು ಯಾರು? ಕೈ ಹಿಡಿದು ಕಲ್ಲುಗಳ ಮೇಲೆ ಹತ್ತಿಸಿ, ಅಕೋ ಅಲ್ಲಿ, ಕೆಂಪು ನೀರು ಮುಗಿದು ಹಸಿರು ನೀರು ಶುರುವಾಗುವಲ್ಲಿ ಎಂದು ಬೆರಳು ಚಾಚಿದವರು ಯಾರು? ಪೇಪರಿನವರಿಗೆ ಅದಕ್ಕೆ ಜಾಗ ಇರಲಿಲ್ಲವೋ, ಅವಳೇ ಹೇಳಲಿಲ್ಲವೋ. ಕೇಳಿದರೆ ಸಣ್ಣವನಾಗುತ್ತೇನೆಂದು ಅವನು ಕೇಳಿರಲಿಲ್ಲ. ಕೇಳದೆಯೂ ದಿನಕ್ಕಿಷ್ಟು ಸಣ್ಣವನಾಗುತ್ತಲೇ ಇದ್ದ.

ದಕ್ಕೆಯಲ್ಲಿ ನಿಝಾರ್ ದೋಣಿ ತೊಳೆದು ಕಾಯುತ್ತಿದ್ದ. ಉಳ್ಳಾಲದವನು, ವೆರೋನಿಕಾ ನೀರು ತರಲು ಹೋಗುವಾಗಲೆಲ್ಲ ಅವನದ್ದೇ ದೋಣಿ. ಇಸಿದೋರ್‌ಗೆ ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟು, “ಮೇಡಂ ಬೆಳಿಗ್ಗೆಯೇ ಫೋನ್ ಮಾಡಿದ್ರು ಸರ್. ಸರ್‌ಗೆ ಈಜ್ಲಿಕ್ಕೆ ಬರುದಿಲ್ಲ, ಜಾಕೆಟ್ ಹಾಕದೆ ಕರ್ಕೊಂಡು ಹೋಗ್ಬೇಡ ಹೇಳಿದ್ರು,” ಎಂದ. ಪಕ್ಕದ ದೋಣಿಯಲ್ಲಿ ಬಲೆ ಹೊಲಿಯುತ್ತಿದ್ದವರು ತಲೆಯೆತ್ತಿ ನೋಡಿದರು. ಮಗುವಿಗೆ ಅಂಗಿ ತೊಡಿಸಿದ ಹಾಗೆ ನಿಝಾರ್ ಅವನ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದ. ಅಹಮದಾಬಾದಿನಲ್ಲಿ ಕುಳಿತು ಇಲ್ಲಿ ತನ್ನ ಎದೆಯ ಪಟ್ಟಿ ಬಿಗಿಸುತ್ತಾಳಲ್ಲ ಇವಳು ಎಂದು ಇಸಿದೋರ್‌ಗೆ ರೇಗಿತು. ಅವಳಿಗೆ ತನ್ನ ಮೇಲೆ ಪ್ರೀತಿ ಇದೆ ಎಂದೂ ಅನಿಸಿತು. ಎರಡೂ ಒಟ್ಟಿಗೇ ಅನಿಸಿದ್ದರಿಂದ ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯದೆ ಐಸ್ ಪೆಟ್ಟಿಗೆಯ ಮೇಲೆ ಕುಳಿತ.

ನದಿ ಸಮುದ್ರಕ್ಕೆ ಸೇರುವ ಅಳಿವೆ ಬಾಗಿಲು ದಾಟುವಾಗ ದೋಣಿ ಒಮ್ಮೆ ಎದ್ದು ಕುಕ್ಕರಿಸಿತು. ಘಟ್ಟದಲ್ಲಿ ಇನ್ನೂ ಮಳೆ ಬೀಳುತ್ತಿತ್ತೆಂದು ಕಾಣುತ್ತದೆ, ನೇತ್ರಾವತಿಯ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಸಮುದ್ರದೊಳಗೆ ನುಗ್ಗುತ್ತಿತ್ತು. ಎಡಕ್ಕೆ ಉಳ್ಳಾಲದ ಕಲ್ಲಿನ ತಡೆಗೋಡೆ. ಅದರ ತುದಿಯಲ್ಲೇ ಅವರಿಬ್ಬರೂ ನಿಂತದ್ದು. ಇಬ್ಬರೂ ಒಬ್ಬರೇ ಪ್ರೊಫೆಸರರ ಹತ್ತಿರ ಸಂಶೋಧನೆಗೆ ಸೇರಿದ ಹೊಸತು. ಅವನದು ನದಿಯ ಮಣ್ಣು, ಅವಳಿಗೆ ಇನ್ನೂ ವಿಷಯವೇ ಸಿಕ್ಕಿರಲಿಲ್ಲ. ಆಮೇಲೆ ಅವನಿಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮಣ್ಣು ಅರ್ಧಕ್ಕೆ ನಿಂತಿತು, ಅವಳು ಮುಂದೆ ಹೋದಳು. ಯಾರೂ ಅವನನ್ನು ತಡೆದದ್ದಲ್ಲ, ಯಾರೂ ಕಿತ್ತುಕೊಂಡದ್ದೂ ಅಲ್ಲ. ಅದೇ ಅವನಿಗೆ ಉರಿ. ದೂರಲು ಒಬ್ಬ ಮನುಷ್ಯನಾದರೂ ಬೇಡವೇ? ಮದುವೆಯಾದ ಹೊಸದರಲ್ಲಿ ರಜೆಯ ದಿನಗಳಲ್ಲಿ ಅವಳ ಜೊತೆ ನೀರು ತರಲು ಅವನೂ ಹೋಗುತ್ತಿದ್ದ. ಕೆಂಪು ನೀರನ್ನು ದಾಟಿ, ಗೆರೆಯನ್ನು ದಾಟಿ, ಹಸಿರು ನೀರಿನಲ್ಲಿ ಇನ್ನಷ್ಟು ಮುಂದೆ, ದಡದ ತೆಂಗಿನ ಮರಗಳು ಬೆರಳುದ್ದ ಆಗುವಲ್ಲಿ ಅವಳ ಜಾಗ. ಅಲ್ಲಿಗೆ ಹೋದ ಕೂಡಲೇ ಇಬ್ಬರ ಫೋನೂ ಸಾಯುತ್ತಿತ್ತು. ಆಗೆಲ್ಲ ಹೊತ್ತಿಗೊಂದು ಸಲ ಫೋನ್ ಮಾಡಿ ಎಂತ ತಿಂದಿ, ಎಲ್ಲಿದ್ದಿ ಎಂದು ವಿಚಾರಿಸುವ ಅವಳ ಮಮ್ಮಿ ಅಲ್ಲಿಗೆ ತಲುಪುವಂತಿರಲಿಲ್ಲ. ‘ಮಮ್ಮಿಗೆ ಸಿಗದ ಜಾಗ’ ಎಂದು ವೆರೋನಿಕಾ ಅದಕ್ಕೆ ಹೆಸರಿಟ್ಟಿದ್ದಳು. ನಿಝಾರ್ ಬೆನ್ನು ತಿರುಗಿಸಿ ಗಾಳ ಹಾಕುತ್ತಾ ಕೂತಿದ್ದಾಗ ಅವಳು ಇವನ ತೊಡೆಯ ಮೇಲೆ ತಲೆಯಿಟ್ಟು, ಪ್ರಪಂಚದಲ್ಲಿ ಯಾರಿಗೂ ಈಗ ನಮ್ಮನ್ನು ಕರೀಲಿಕ್ಕೆ ಆಗುದಿಲ್ಲ ಇಸಿ ಎಂದಿದ್ದಳು. ಯಾವ ವರ್ಷ ಅದು? ಆ ಜಾಗದ ಅಕ್ಷಾಂಶ ರೇಖಾಂಶ ಈಗ ಸೆಡ್ರಿಕ್‌ನ ಕಂಪ್ಯೂಟರಿನಲ್ಲಿ ಒಂದು ಚುಕ್ಕಿಯಾಗಿ ಕೂತಿತ್ತು.

ಗೆರೆ ಕಾಣಿಸಿತು. ದೂರದಲ್ಲಿ, ಯಾರೋ ಎಳೆದಿಟ್ಟಂತೆ, ಈಚೆ ಕೆಂಪು, ಆಚೆ ಹಸಿರು, ನಡುವೆ ನೊರೆ ಮತ್ತು ಕಸ. ಗಡಿಯಾರ ನೋಡಿದ, ಮುಂದೆ ಹೋಗಲು ಹೊತ್ತಿತ್ತು. ಆಕಾಶ ನೋಡಿದ, ಮೋಡದ ಸುಳಿವೇ ಇರಲಿಲ್ಲ. “ನಿಝಾರ್, ಇಲ್ಲೇ ನಿಲ್ಲಿಸಿ,” ಎಂದ. ಆ ಮಾತು ಬಾಯಿಂದ ಬಂದ ಮೇಲೆಯೇ ತಾನು ಏನು ಮಾಡಹೊರಟಿದ್ದೇನೆಂದು ಅವನಿಗೆ ಗೊತ್ತಾದದ್ದು.

“ಇಲ್ಲಿಯಾ? ಮೇಡಮ್ಮಿನ ಜಾಗ ಇನ್ನೂ ಮುಂದೆ ಸರ್. ಗೆರೆ ದಾಟಿ ಹೋಗ್ಲಿಕ್ಕೆ ಉಂಟು.”

“ನನಗೆ ಗೊತ್ತುಂಟು ಮಾರಾಯ್ರೆ. ಆ ಜಾಗ ಮೇಡಮ್ಮಿಗೆ ತೋರಿಸಿದ್ದೇ ನಾನು. ಇವತ್ತು ಇಲ್ಲೇ.”

ನಿಝಾರ್ ಹೆಗಲು ಕುಣಿಸಿ ಎಂಜಿನ್ ಆರಿಸಿದ. ದೋಣಿ ಕೆಂಪು ನೀರಿನ ಮೇಲೆ ಸುಮ್ಮನೆ ಅಲುಗಾಡಿತು. ಹೊಟ್ಟೆ ತೊಳಸುತ್ತಿದೆ, ಇನ್ನು ಮುಂದೆ ಹೋದರೆ ವಾಂತಿಯಾದೀತು ಎಂದು ಇಸಿದೋರ್ ತನಗೆ ತಾನೇ ಒಂದು ಕಾರಣ ಹೇಳಿ ನೋಡಿದ. ಹೊಟ್ಟೆ ತಣ್ಣಗಿತ್ತು. ಸುಳ್ಳು ಅವನ ಕೈಯಲ್ಲೇ ಮುರಿದು ಬಿತ್ತು. ಸರಿ, ನಿಜವನ್ನೇ ಹೇಳಿಕೊಳ್ಳೋಣವಂತೆ: ಅವಳ ಲೆಕ್ಕಾಚಾರ ಒಂದು ಸಲ, ಒಂದೇ ಒಂದು ಸಲ ತಪ್ಪಾಗಲಿ. ಮೇಲಿನಿಂದ ನೋಡಿ ಇದು ಹಸಿರು ನೀರು ಎಂದು ಅದು ಹೇಳಲಿ, ಕೆಳಗಿನಿಂದ ತನ್ನ ಬಾಟಲಿ ಇಲ್ಲ ಇದು ಬರೀ ಮಣ್ಣು ಎಂದು ಹೇಳಲಿ. ಮಣ್ಣು ತನ್ನ ವಿಷಯವಲ್ಲವೇ? ಸೆಡ್ರಿಕ್ ಹುಬ್ಬು ಗಂಟಿಕ್ಕಲಿ. ಅವಳು ಗಾಬರಿಯಾಗಿ ಫೋನ್ ಮಾಡಲಿ, ಇಸಿ ಎಂತ ಮಾಡುವುದು ಈಗ, ಎಲ್ಲಿ ತಪ್ಪಿತು ಹೇಳು ಎಂದು ಮೊದಲಿನ ಹಾಗೆ ಕೇಳಲಿ. ಆಗ ತಾನು ಯೋಚಿಸಿ ಹೇಳುವವನಾಗುತ್ತೇನೆ. ಅಷ್ಟೇ ಬೇಕಾದದ್ದು. ಅಷ್ಟಕ್ಕೆ ಇಷ್ಟೆಲ್ಲವೇ? ಬಗ್ಗಿ ಬಾಟಲಿಯನ್ನು ಮುಳುಗಿಸಿದ. ನೀರು ಗುಳುಗುಳು ಎನ್ನುತ್ತಾ ಒಳಗೆ ಬಂತು. ಮುಚ್ಚಳ ತಿರುಗಿಸಿ, ಮೇಲೆ ಅವಳು ಕೊಟ್ಟ ಜಾಗದ ಅಂಕಿಗಳನ್ನೇ ಸ್ಕೆಚ್ ಪೆನ್ನಿನಿಂದ ದುಂಡಗೆ ಬರೆದ. ಕಲಕು ಅಳೆಯುವ ಸಣ್ಣ ಯಂತ್ರವನ್ನು ನೀರಿಗಿಳಿಸಿದಾಗ ಅದರ ಅಂಕಿ ಏರುತ್ತಾ ಹೋದದ್ದನ್ನು ಕಂಡು ಅವನಿಗೆ ನಿಜವಾಗಿ ಖುಷಿಯೂ ಆಯಿತು.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ವೆರೋನಿಕಾ. ಉಪಗ್ರಹ ತಲೆಯ ಮೇಲೆ ಬರುವ ಹೊತ್ತು ಅದು. ಅಲ್ಲಿ ದೊಡ್ಡ ಪರದೆಯ ಮುಂದೆ ಎಲ್ಲರೂ ನಿಂತಿರುತ್ತಾರೆ, ಅವಳ ಪಕ್ಕದಲ್ಲಿ ಸೆಡ್ರಿಕ್ ಕೂಡ ಇರುತ್ತಾನೆ. ಆ ಕೋಣೆಯ ಸದ್ದು ಕೇಳಬೇಕೆಂಬ ಆಸೆಯಲ್ಲಿ ಇಸಿದೋರ್ ಒದ್ದೆ ಕೈಯಲ್ಲೇ ಫೋನ್ ತೆಗೆದು ಕಿವಿಗೊತ್ತಿದ.

“ಇಸಿ?” ಅವಳ ದನಿ ಎಡವಿದಂತಿತ್ತು. “ಓ... ಸಿಕ್ಕಿದೆಯಾ ನೀನು?”

“ಹೂಂ, ಹೇಳು.”

“ಎಲ್ಲಿದ್ದಿ?”

“ಎಲ್ಲಿ ಅಂದ್ರೆ? ನಿನ್ನ ಜಾಗದಲ್ಲೇ. ನೀರು ತೆಗಿತಾ ಇದ್ದೇನೆ.”

ಆ ಕಡೆ ಮೌನ. ಮೌನದ ಹಿಂದೆ ಕುರ್ಚಿಗಳ ಸದ್ದು, ಯಾರದೋ ಚಪ್ಪಾಳೆ, ಒಬ್ಬ ಗಂಡಸಿನ ನಗು. ‘ವೆರೋ, ಬಾ ಬಾ, ಬರ್ತಾ ಉಂಟು’ ಎಂದು ಆ ಗಂಡಸು ಕೊಂಕಣಿಯಲ್ಲಿ ಕರೆದ. ವೆರೋ! ಇವನೇ ಅವಳನ್ನು ಹಾಗೆ ಮೊಟಕು ಮಾಡಿ ಕರೆದವನಲ್ಲ. ಅವಳ ಮೌನ ಯಾಕೆಂದು ಇಸಿದೋರ್‌ಗೆ ತಕ್ಷಣ ಅರ್ಥವಾಯಿತು: ಅವನ ಕಡೆ ತಿರುಗಿದ್ದಾಳೆ, ಇವನ ಮಾತು ಕೇಳಿಸಿಕೊಳ್ಳುತ್ತಿಲ್ಲ, ಗಂಡನೊಂದಿಗೆ ಮಾತಾಡುವಾಗ ಇನ್ನೊಬ್ಬ ಕರೆದನೆಂದು ಮುಜುಗರ. “ಸರಿ,” ಎಂದಳು ಕೊನೆಗೆ. “ಸರಿ, ಇಸಿ. ಜಾಗ್ರತೆ.” ಫೋನ್ ಇಟ್ಟಳು. ಒಳ್ಳೆಯದಾಯಿತು ಎಂದುಕೊಂಡು ಅವನು ಇನ್ನೊಂದು ಬಾಟಲಿಯನ್ನು ಅದೇ ಕೆಂಪು ನೀರಿನಲ್ಲಿ ಮುಳುಗಿಸಿದ. ಆಗ ಇದ್ದ ಸ್ವಲ್ಪ ಅಳುಕೂ ಹೋಗಿತ್ತು.

ದಡಕ್ಕೆ ಬಂದು ಅಂಕಿಗಳನ್ನು ಕಳಿಸಿದ. ಅವಳಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು, ಮಾತಿಲ್ಲ. ಮನೆಗೆ ಬಂದು ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಮೀನಿನ ಸಾರಿನ ಪಕ್ಕ ಇಟ್ಟು, ಸ್ನಾನ ಮಾಡಿ, ಮಲಗಲು ಹೋಗಿ ನಿದ್ದೆ ಬಾರದೆ ಎದ್ದು ಕುಳಿತ. ಖುಷಿ ದಕ್ಕೆಯಲ್ಲೇ ಇಳಿದು ಹೋಗಿತ್ತು. ಈಗ ಹೇಳಿಬಿಟ್ಟರೆ? ಜಾಗ ಸ್ವಲ್ಪ ತಪ್ಪಿರಬಹುದು, ದೋಣಿ ಅಲೆಗೆ ಜಾರಿರಬಹುದು ಎಂದು ಮೆತ್ತಗೆ ಹೇಳಬಹುದು. ಅಂಕಿ ತಪ್ಪಾದರೆ ಅವಳು ಯಾರ ಮೇಲೆ ಅನುಮಾನ ಪಡುತ್ತಾಳೆ? ಉಪಕರಣದ ಮೇಲೆ, ತನ್ನ ಲೆಕ್ಕಾಚಾರದ ಮೇಲೆ, ರಾತ್ರಿಯೆಲ್ಲ ಕೂತು ತನ್ನ ಮೇಲೆ. ಇಸಿಯ ಮೇಲೆ ಅಂತೂ ಅಲ್ಲ. ಅದು ನೆನಪಾಗಿ ಅವನಿಗೆ ಕುಳಿತಲ್ಲೇ ಬೆವರಿತು. ಸಾಯ್ಬಾ ಭೊಗೋಸ್, ದೇವರೇ ಕ್ಷಮಿಸು ಎಂದು ಅವನಮ್ಮ ಹಾಲು ಉಕ್ಕಿದರೂ ಅನ್ನುತ್ತಿದ್ದ ಮಾತು ಬಾಯಿಗೆ ಬಂತು. ಫೋನ್ ಎತ್ತಿಕೊಂಡ. ಅಷ್ಟರಲ್ಲಿ ಫೋನೇ ಹಾಡಿತು, ವೀಡಿಯೋ ಕರೆ. ಪರದೆಯ ಮೇಲೆ ಎರಡು ಮುಖ, ಒಂದು ವೆರೋನಿಕಾಳದು, ಇನ್ನೊಂದು ಸೆಡ್ರಿಕ್‌ನದು. ಬೇರೆ ಬೇರೆ ಚೌಕದಲ್ಲಿದ್ದರು. ಅಷ್ಟು ಸಂಕಟದಲ್ಲೂ ಅವನ ಕಣ್ಣು ಮೊದಲು ಗಮನಿಸಿದ್ದು ಅದನ್ನೇ.

“ಇಸಿದೋರ್, ಥ್ಯಾಂಕ್ಸ್ ಮಾರಾಯ, ನೀನು ದೋಣಿಗೆ ಹೋದದ್ದು ದೊಡ್ಡ ಉಪಕಾರ,” ಎಂದ ಸೆಡ್ರಿಕ್. ಒಳ್ಳೆಯ ದನಿ, ಒಳ್ಳೆಯ ಮುಖ. ದ್ವೇಷಿಸಲು ಹಿಡಿಯೇ ಸಿಗದ ಮನುಷ್ಯ. “ಕೊಚ್ಚಿ ಸರಿ ಬಂತು, ಗೋವಾ ಸರಿ, ಕಾರವಾರ ಸರಿ. ಉಳ್ಳಾಲ ಮಾತ್ರ ತಾಳೆ ಇಲ್ಲ. ಮೇಲಿನಿಂದ ನೋಡಿದ್ರೆ ತಿಳಿ ನೀರು, ನಿನ್ನ ಬಾಟ್ಲಿಯಲ್ಲಿ ಕೆಸರು. ಸಮಿತಿಯವರು ಈಗ್ಲೇ ಕೇಳ್ಲಿಕ್ಕೆ ಶುರು ಮಾಡಿದ್ದಾರೆ, ವೆರೋನ ಸ್ವಂತ ಊರಲ್ಲೇ ತಪ್ಪಿತಲ್ಲ ಅಂತ. ಜಾಗ ಸರಿ ಇತ್ತಲ್ವಾ?”

ಇಸಿದೋರ್ ಬಾಯಿ ತೆರೆದ. ಅವನು ಏನು ಹೇಳುತ್ತಿದ್ದನೋ ಅವನಿಗೂ ಗೊತ್ತಾಗಲಿಲ್ಲ, ಯಾಕೆಂದರೆ ವೆರೋನಿಕಾ ನಡುವೆ ಬಂದಳು.

“ಇಸಿ ಜಾಗ ತಪ್ಪುವವನಲ್ಲ. ಆ ಹೊತ್ತಿಗೆ ಅಲ್ಲಿ ತೆಳು ಮೋಡ ಇತ್ತು, ಚಿತ್ರದಲ್ಲಿ ಬೇಗ ಗೊತ್ತಾಗುದಿಲ್ಲ. ನಾನು ಮೊದಲೇ ನೋಡ್ಬೇಕಿತ್ತು. ಆ ಪಾಯಿಂಟ್ ಬಿಟ್ಟುಬಿಡುವ, ನನ್ನ ತಪ್ಪು ಅಂತ ನಾನೇ ಬರೆದು ಕೊಡ್ತೇನೆ.”

“ಮೋಡವಾ?” ಎಂದ ಸೆಡ್ರಿಕ್. ಒಂದು ಕ್ಷಣ ಅವಳ ಚೌಕದ ಕಡೆ ನೋಡಿದ. “ಸರಿ ಹಾಗಾದ್ರೆ. ಬಿಡ್ಲಿಕ್ಕೆ ಆಗುದಿಲ್ಲ, ಇನ್ನೊಮ್ಮೆ ಮಾಡುವ. ನಾಡಿದ್ದು ಸ್ಯಾಟಲೈಟ್ ಮತ್ತೆ ಅಲ್ಲಿ ಮೇಲೆ ಬರ್ಲಿಕ್ಕೆ ಉಂಟಲ್ಲ, ನಾವಿಬ್ಬರೇ ಹೋಗುವ ವೆರೋ. ನಾಳೆಯ ಫ್ಲೈಟಿಗೆ ಬರುವ. ನಾನೂ ಊರು ನೋಡದೆ ಎಷ್ಟು ಸಮಯ ಆಯ್ತು. ನಿನ್ನ ಆ ಜಾಗ ನನಗೂ ತೋರಿಸು.” ಇಸಿದೋರ್‌ಗೆ ಕೈ ಬೀಸಿ ತನ್ನ ಚೌಕದಿಂದ ಮಾಯವಾದ. ಅವಳ ಮುಖ ದೊಡ್ಡದಾಗಿ ಪರದೆಯ ತುಂಬ ಬಂತು.

ಅವಳು ತುಂಬ ದಣಿದಿದ್ದಳು. ಕನ್ನಡಕ ತೆಗೆದು ಮೂಗಿನ ಮೇಲಿನ ಕೆಂಪು ಗುರುತನ್ನು ಒತ್ತಿಕೊಂಡಳು. “ಊಟಕ್ಕೆ ಎಂತ ಉಂಟು?” ಎಂದು ಕೇಳಿದಳು.

“ವೆರೋನಿಕಾ, ಆಕಾಶದಲ್ಲಿ ಮೋಡ ಇರ್ಲಿಲ್ಲ.”

“ಗೊತ್ತುಂಟು.”

“ಮತ್ತೆ?”

“ನೀನು ಫೋನ್ ತೆಗೆದೆ, ಇಸಿ.”

ಅವನಿಗೆ ಮೊದಲು ತಲೆಗೆ ಹೋಗಲಿಲ್ಲ. ಫೋನ್ ತೆಗೆದರೆ ಏನಾಯಿತು? ಆಮೇಲೆ ಹೋಯಿತು. ಮಮ್ಮಿಗೆ ಸಿಗದ ಜಾಗ. ಅಲ್ಲಿ ಇವತ್ತಿಗೂ ಯಾರ ಫೋನೂ ಯಾರಿಗೂ ಸಿಗುವುದಿಲ್ಲ. ನಿನ್ನೆ ಅದನ್ನು ತನ್ನ ಬಾಯಲ್ಲೇ ಹೇಳಿದ್ದ. ‘ನಿನ್ನ ಜಾಗದಲ್ಲೇ ಇದ್ದೇನೆ’ ಎಂದು ಅವನು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಅವಳಿಗೆ ಅಷ್ಟೇ ಸ್ಪಷ್ಟವಾಗಿ ಕೇಳಿಸಿತ್ತು.

“ಸಿಗುದಿಲ್ಲ ಅಂತ ಗೊತ್ತಿದ್ದೇ ಮಾಡಿದ್ದು ನಾನು,” ಎಂದಳು. “ಹೆದರಿಕೆ ಆಗ್ತಾ ಇತ್ತು, ಎಲ್ಲರೂ ಪರದೆ ನೋಡ್ತಾ ಇದ್ರು. ನಿನಗೆ ಮಾಡುವ ಅನ್ನಿಸಿತು. ಫೋನ್ ಹೋಗದಿದ್ರೆ ಇಸಿ ಅಲ್ಲಿ ಇದ್ದಾನೆ, ನಮ್ಮ ಜಾಗದಲ್ಲಿ ಅಂತ ಸಮಾಧಾನ ಆಗ್ತಿತ್ತು.” ಕೈಯಲ್ಲಿದ್ದ ಕನ್ನಡಕವನ್ನು ಮಡಚಿದಳು. “ಅದು ರಿಂಗ್ ಆಯ್ತು.”

ಈಗ ಹೇಳಬೇಕಾದ ಮಾತು ಒಂದೇ ಇತ್ತು. ಯಾವ ದಡ್ಡನಿಗೂ ಗೊತ್ತಾಗುವಂಥದ್ದು, ಚಿಕ್ಕದು. ಆದರೆ ಬಾಯಿಂದ ಹೊರಬಿದ್ದದ್ದು ಇದು: “ಸೆಡ್ರಿಕ್‌ಗೆ ಹೇಳಿದ್ಯಾ?”

ವೆರೋನಿಕಾ ಅವನನ್ನೇ ನೋಡಿದಳು. ಮಧ್ಯಾಹ್ನದ್ದೇ ಮೌನ. ಈ ಸಲ ಹಿಂದೆ ಚಪ್ಪಾಳೆ ಇರಲಿಲ್ಲ, ನಗು ಇರಲಿಲ್ಲ, ತಪ್ಪು ಅರ್ಥ ಮಾಡಿಕೊಳ್ಳಲು ಏನೂ ಇರಲಿಲ್ಲ. “ಇಲ್ಲ,” ಎಂದಳು. “ಹೇಳುದಿಲ್ಲ.” ಕನ್ನಡಕ ಹಾಕಿಕೊಂಡಳು. “ನಾಡಿದ್ದು ನೀನೂ ಬಾ ದೋಣಿಗೆ.” ಬೈದಿದ್ದರೆ ಅವನೂ ಬೈಯುತ್ತಿದ್ದ, ಪೇಪರಿನ ಸಂದರ್ಶನ, ಗುರುತುಚೀಟಿ, ವೆರೋ, ಎಲ್ಲವನ್ನೂ ಎಳೆದು ತರುತ್ತಿದ್ದ. ಅವಳು ಅದಕ್ಕೂ ಎಡೆ ಕೊಡಲಿಲ್ಲ. ತನ್ನ ಹೆಸರಿಗೆ ಮಸಿ ಬಳಿದುಕೊಂಡು ಅವನನ್ನು ಉಳಿಸಿದ್ದಳು, ಅದೂ ಯಾರಿಗೂ ಗೊತ್ತಾಗದ ಹಾಗೆ. ಇದರಲ್ಲೂ ಅವಳೇ ಮುಂದೆ ಎಂದು ಅವನಿಗೆ ಕಿಚ್ಚೆದ್ದಿತು. ಕ್ಷಮಿಸುವುದರಲ್ಲಿ ಕೂಡ!

“ನನಗೆ ಕಾಲೇಜು ಉಂಟು,” ಎಂದ. ಇನ್ನೊಂದು ಸಲ ಕರೆಯುತ್ತಾಳೆ, ರಜೆ ಹಾಕು ಮಾರಾಯ ಎನ್ನುತ್ತಾಳೆ ಎಂದು ಕಾದ.

“ಸರಿ,” ಎಂದಳು ವೆರೋನಿಕಾ.

ಅವರು ದೋಣಿಗೆ ಹೋಗುವ ದಿನ ಅವನು ರಜೆ ಹಾಕಿದ. ಅವಳು ಸೆಡ್ರಿಕ್‌ನನ್ನು ಕರೆದುಕೊಂಡು ದಕ್ಕೆಗೆ ಹೊರಟ ಮೇಲೆ ಉಳ್ಳಾಲದ ಬಸ್ಸು ಹಿಡಿದು, ತಡೆಗೋಡೆಯ ಕಲ್ಲುಗಳ ಮೇಲೆ ತೆವಳುತ್ತಾ ಏಳುತ್ತಾ ತುದಿಯವರೆಗೆ ಹೋಗಿ ನಿಂತ. ಆಕಾಶ ಅವತ್ತೂ ಖಾಲಿ. ನಿಝಾರನ ದೋಣಿ ಅಳಿವೆ ದಾಟಿ ಹೋಗುವುದು ಕಾಣಿಸಿತು, ಎರಡು ಕಿತ್ತಳೆ ಬಣ್ಣದ ಜಾಕೆಟ್ಟು, ಯಾವುದು ಯಾರೆಂದು ಇಷ್ಟು ದೂರದಿಂದ ಗೊತ್ತಾಗುವಂತಿರಲಿಲ್ಲ. ದೋಣಿ ಕೆಂಪು ನೀರಿನಲ್ಲಿ ಅವನು ನಿಲ್ಲಿಸಿದ ಜಾಗವನ್ನು ನಿಲ್ಲದೆ ದಾಟಿತು. ಗೆರೆಯನ್ನು ದಾಟಿತು. ಹಸಿರು ನೀರಿನಲ್ಲಿ ಮುಂದೆ ಮುಂದೆ ಹೋಗಿ ಒಂದು ಚುಕ್ಕಿಯಾಗಿ, ಆ ಚುಕ್ಕಿ ಅಲುಗದೆ ನಿಂತಿತು. ತಲುಪಿದರು ಎಂದುಕೊಂಡ. ಅವಳ ಲೆಕ್ಕಾಚಾರ ಇವತ್ತು ಸರಿಯಾಗುತ್ತದೆ, ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ, ಮೊದಲೂ ಇರಲಿಲ್ಲ. ಜೇಬಿನಿಂದ ಫೋನ್ ತೆಗೆದು ಅವಳ ಹೆಸರನ್ನು ಒತ್ತಿದ. ಕ್ಷಮಿಸು ಎನ್ನಲು ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಕನ್ನಡದಲ್ಲಿ ವಿನಯವಾಗಿ ಹೇಳಿದಳು. ಮೊನ್ನೆ ಇದನ್ನು ಕೇಳಿದ್ದರೆ ವೆರೋನಿಕಾಳಿಗೆ ಸಮಾಧಾನವಾಗುತ್ತಿತ್ತು. ಅವನು ಫೋನನ್ನು ಕಿವಿಯಿಂದ ತೆಗೆದು, ಚುಕ್ಕಿಯನ್ನು ನೋಡುತ್ತಾ, ಮತ್ತೆ ಮಾಡಿದ.